ಇಬ್ಬರೇ ನಿಂತರೆ ಉಳಿದ ಸದ್ದು ಎಲ್ಲಿಂದ?

ಮಾನ್ಯ ಸಂಪಾದಕರೇ,

ಜಪಾನಿನ ಯೋಅಸೋಬಿ ಎಂಬ ಪಾಪ್ ಜೋಡಿ ತನ್ನ ದೇಶದಾಚೆ ಮೊದಲ ಸಲ ಹಾಡಿದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ಅನಿಮೆ ಎಂಬ ಜಪಾನಿ ಕಾರ್ಟೂನು ನೋಡುತ್ತ ಜಪಾನಿ ಹಾಡು ಗುನುಗುವ ಮಕ್ಕಳು ಮುಂಬಯಿ, ಪುಣೆಯ ಕನ್ನಡ ಮನೆಗಳಲ್ಲೂ ಈಗ ಇದ್ದಾರೆ. ಹಾಗಾಗಿ ಬರಹ ಬಂದದ್ದು ಒಳ್ಳೆಯದೇ ಆಯಿತು. ಆದರೆ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಗುಂಡಿ ಒತ್ತುತ್ತಾರೆ, ಮಿಕ್ಕಿದ್ದೆಲ್ಲ ರೆಕಾರ್ಡಿಂಗು ಎಂಬ ಅದರ ಧಾಟಿಗೆ ನಮ್ಮ ತಕರಾರಿದೆ. ಗುಂಡಿ ಒತ್ತುವುದು ಒಂದು ಸೆಕೆಂಡಿನ ಕೆಲಸ. ಒತ್ತಿದ ಮೇಲೆ ಏನೇನು ಕೈಕೊಡಬಹುದು ಎಂದು ಲೆಕ್ಕ ಹಾಕಿ ಸಿದ್ಧವಾಗುವುದಕ್ಕೆ ವಾರಗಟ್ಟಲೆ ಬೇಕು.

ಮೊದಲು ಸಂಗತಿ. ಸಂಗೀತ ಕಟ್ಟುವ ಅಯಾಸೆ, ಹಾಡುವ ಇಕುರಾ 2019ರಲ್ಲಿ ಜೊತೆಯಾದವರು. ಕಥೆಗಳನ್ನು ಹಾಡು ಮಾಡುವುದು ಅವರು ಹಿಡಿದ ದಾರಿ. (ಸಣ್ಣಕಥೆಯ ಇಷ್ಟು ದೊಡ್ಡ ಗಂಟು ಇಟ್ಟುಕೊಂಡಿರುವ ಕನ್ನಡದಲ್ಲಿ ನಮ್ಮ ಹುಡುಗರೂ ಒಂದು ಕೈ ನೋಡಬಹುದು. ಅದಿರಲಿ.) ಕೊರೊನಾ ಕಾಲದಲ್ಲೇ ಹೆಸರು ಬಂದದ್ದರಿಂದ ಕೇಳುಗರ ಎದುರು ನಿಲ್ಲುವುದು ತಡವಾಯಿತು: ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ, 2021ರ ಡಿಸೆಂಬರಿನಲ್ಲಿ. ಅದಾಗಿ ಒಂದೇ ವರ್ಷಕ್ಕೆ, 2022ರ ಡಿಸೆಂಬರಿನಲ್ಲಿ, ಹೆಡ್ ಇನ್ ದ ಕ್ಲೌಡ್ಸ್ ಸಂಗೀತೋತ್ಸವಕ್ಕೆಂದು ಜಕಾರ್ತಕ್ಕೂ ಮರುವಾರ ಮನಿಲಾಕ್ಕೂ ಹೋದರು. ಕ್ಯಾಲಿಫೋರ್ನಿಯಾದ ಕೊಚೆಲ್ಲಾ ಉತ್ಸವದ ಸರದಿ ಬಂದದ್ದು 2024ರ ಏಪ್ರಿಲಿನಲ್ಲಿ. ಜೋಡಿ ಎಂದರೆ ವೇದಿಕೆಯಲ್ಲೂ ಇಬ್ಬರೇ ಎಂದುಕೊಂಡದ್ದು ನಿಮ್ಮ ಬರಹದ ಮೊದಲ ತಪ್ಪು. ಅವರ ಹಿಂದೆ ಡ್ರಮ್ಸ್, ಬಾಸ್, ಗಿಟಾರ್, ಕೀಬೋರ್ಡಿನ ಸಹವಾದಕರು ಇರುತ್ತಾರೆ.

ಹಾಗಿದ್ದರೂ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದು, ಇರುವುದಿಲ್ಲವೇ ಎಂದು ಕೇಳಬಹುದು. ಕಂಪ್ಯೂಟರಿನಲ್ಲಿ ಕಟ್ಟಿದ ಇಂಥ ಹಾಡಿನಲ್ಲಿ ಐವತ್ತು ಅರವತ್ತು ಪದರ ಇರುವುದು ಸಾಮಾನ್ಯ. ನಾಲ್ಕೈದು ವಾದಕರು ಅದರಲ್ಲಿ ಮುಖ್ಯವಾದದ್ದನ್ನು ನುಡಿಸುತ್ತಾರೆ; ಸಹಗಾಯನದ ಪದರ, ಗಾಜು ಒಡೆದಂಥ ಸದ್ದು, ಹಿನ್ನೆಲೆಯ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ ಸಿಂಥಸೈಸರ್) ಇವು ಟ್ರ್ಯಾಕಿನಲ್ಲಿ ಬರುತ್ತವೆ. ಪಾಪ್ ತಂಡಗಳಲ್ಲಿ ಇದು ಗುಟ್ಟಿನ ವಿಷಯವೇ ಅಲ್ಲ. ಟ್ರ್ಯಾಕ್ ನಿಂತರೆ ಹಾಡು ನಿಲ್ಲುತ್ತದೋ ಇಲ್ಲವೋ ಎಂಬುದೇ ಪರೀಕ್ಷೆ. ನಿಂತರೆ ಅದು ಕರೋಕೆ. ಸ್ವಲ್ಪ ಬಡವಾಗಿಯಾದರೂ ನಡೆದರೆ ಅದು ಕಛೇರಿ.

ಟ್ರ್ಯಾಕಿಗೆ ವಾದಕರು ಹೊಂದಿಕೊಳ್ಳುವುದು ಕ್ಲಿಕ್‌ನಿಂದ. ಇಯರ್‌ಫೋನಿನಲ್ಲಿ ಟಿಕ್ ಟಿಕ್ ಎಂದು ಲಯ, ನಡುನಡುವೆ ಈಗ ಪಲ್ಲವಿ, ಈಗ ಚರಣ ಎಂದು ಎಚ್ಚರಿಸುವ ದನಿ. ತೆಂಕುತಿಟ್ಟಿನ ಭಾಗವತರ ಜಾಗಟೆ ಊರಿಗೆಲ್ಲ ಕೇಳುತ್ತದೆ. ಇದು ಕಿವಿಯೊಳಗಿನ ಜಾಗಟೆ, ಊರಿಗೆ ಕೇಳಕೂಡದು. ದುಡ್ಡು ಉಳಿಸಲು ಹೊಸ ಜೋಡಿಗಳು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದಲೇ ಎಡಕ್ಕೆ ಕ್ಲಿಕ್, ಬಲಕ್ಕೆ ಸಂಗೀತ ಕಳಿಸುತ್ತಾರೆ. ಗಡಿಬಿಡಿಯಲ್ಲಿ ಎರಡು ವೈರು ಅದಲುಬದಲಾದರೆ ಸಾವಿರಾರು ಜನ ಕೇಳುವುದು ಬರೀ ಟಿಕ್ ಟಿಕ್. ಕಂಪ್ಯೂಟರಿನ ಸದ್ದನ್ನು ಬೇರೆಬೇರೆ ವೈರಿಗೆ ಹಂಚುವ ಪೆಟ್ಟಿಗೆ, ಎಂಟು ಔಟ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ ಬೇಕು. ಒಂದು ಎರಡರಲ್ಲಿ ತಾಳದ ಸದ್ದು, ಮೂರರಲ್ಲಿ ಬಾಸ್ ಎಂಬ ತಗ್ಗುಸ್ವರ, ನಾಲ್ಕು ಐದರಲ್ಲಿ ಸಿಂಥ್, ಆರರಲ್ಲಿ ಸಹಗಾಯನ, ಏಳರಲ್ಲಿ ಕ್ಲಿಕ್, ಎಂಟರಲ್ಲಿ ಎಚ್ಚರಿಕೆಯ ದನಿ. ಬಾಸ್ ಬೇರೆಯಾಗಿ ಕೊಡುವುದಕ್ಕೂ ಕಾರಣವಿದೆ. ಬಯಲಿನ ಸ್ಪೀಕರಿನಲ್ಲಿ ಮನೆಯ ಮಿಶ್ರಣದ ಬಾಸ್ ಗುಡುಗುತ್ತದೆ; ಎಲ್ಲವನ್ನೂ ಕಲಸಿ ಎರಡೇ ಚಾನೆಲಿನಲ್ಲಿ ಕೊಟ್ಟರೆ ಅಲ್ಲಿನ ಸೌಂಡಿನವರು ಅದೊಂದನ್ನೇ ತಗ್ಗಿಸಲಾರರು.

ಕ್ಲಿಕ್ಕಿಗೆ ಇನ್ನೊಂದು ಕಳ್ಳದಾರಿಯಿದೆ. ಇಯರ್‌ಫೋನ್ ಕೈಕೊಟ್ಟೀತೆಂದು ನೆಲದ ಮೇಲೆ ಒಂದು ಮಾನಿಟರ್ ಸ್ಪೀಕರ್ ಇಡುವುದು ವಾಡಿಕೆ, ಜಾಣತನವೂ ಹೌದು. ಅದರಲ್ಲಿ ಗಾಯಕಿಯ ದನಿ, ಕೀಬೋರ್ಡ್ ಇಷ್ಟೇ ಇರಬೇಕು. ಕ್ಲಿಕ್ ಹಾಕಿದರೆ ಮೈಕು ಅದನ್ನೂ ಹಿಡಿದು ಜನಕ್ಕೆ ಕೊಡುತ್ತದೆ.

ಇಯರ್‌ಫೋನ್ ಯಾಕೆ ಬೇಕೇಬೇಕು ಎನ್ನುವುದಕ್ಕೆ ಒಂದು ಲೆಕ್ಕ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಮೈದಾನದಾಚೆ 60 ಮೀಟರ್ ದೂರದ ಗೋಡೆಗೆ ಬಡಿದು ತಿರುಗಿ ಬರಲು 350 ಮಿಲಿಸೆಕೆಂಡು ಹತ್ತಿರ ಬೇಕು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತವೇ 500 ಮಿಲಿಸೆಕೆಂಡು. ಅಂದರೆ ಬಡಿತದ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆ ತಡವಾಗಿ ತನ್ನದೇ ದನಿ ಗಾಯಕಿಯ ಬೆನ್ನಟ್ಟುತ್ತದೆ. ಉಸಿರಿಗೂ ಪುರುಸೊತ್ತು ಕೊಡದ ಯೋಅಸೋಬಿಯಂಥವರ ಹಾಡನ್ನು ಆ ಪ್ರತಿಧ್ವನಿ ನಂಬಿ ಹಾಡಿದರೆ ಎರಡನೇ ಸಾಲಿಗೇ ಲಯ ತಪ್ಪುತ್ತದೆ. ಜನರ ಕೂಗು ಕೇಳಬೇಕೆಂದು ಒಂದು ಕಿವಿಯದನ್ನು ಕಿತ್ತು ಹಾಡುವವರಿಗೂ ಇದೇ ಗತಿ. ಜನರ ಕೂಗಿಗೆಂದೇ ವೇದಿಕೆಯ ಅಂಚಿನಲ್ಲಿ ಎರಡು ಮೈಕು ಇಟ್ಟು ಇಯರ್‌ಫೋನಿಗೆ ಬೆರೆಸುವುದು ಅದಕ್ಕೇ.

ಕಣ್ಣಿಗೆ ಕಾಣದೆ ಕೈಕೊಡುವ ಇನ್ನೊಂದು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ಅಂಕಿಯಾಗಿ ಬರೆದಿಡುತ್ತಾರೆ ಎಂಬುದು. ಹಾಡು 44.1 ಕಿಲೋಹರ್ಟ್ಜಿನಲ್ಲಿ ಉಳಿಸಿದ್ದು, ಉತ್ಸವದ ಡಿಜಿಟಲ್ ಮಿಕ್ಸರು 48ರಲ್ಲಿ ಓಡುತ್ತಿರುವುದು. ಲ್ಯಾಪ್‌ಟಾಪಿನ ಇಂಟರ್‌ಫೇಸನ್ನು ಮಿಕ್ಸರಿನ ಗಡಿಯಾರಕ್ಕೆ ಕಟ್ಟಿಹಾಕಿ, ಸಾಫ್ಟ್‌ವೇರು ಪರಿವರ್ತನೆ ಮಾಡದೆ ಹಾಗೇ ನುಡಿಸಿತೆಂದರೆ ಹಾಡು ನೂರಕ್ಕೆ ಸುಮಾರು 9ರಷ್ಟು ವೇಗವಾಗುತ್ತದೆ. ನಾಲ್ಕು ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಶ್ರುತಿಯ ಪಾಡು: ಹಾರ್ಮೋನಿಯಮ್ಮಿನ ಬಿಳಿ ಒಂದರಲ್ಲಿ ಎತ್ತಬೇಕಾದ ಹಾಡು ಕಪ್ಪು ಒಂದನ್ನು ದಾಟಿ ಬಿಳಿ ಎರಡನ್ನೂ ಮುಟ್ಟದೆ ನಡುವೆ ನೇತಾಡುತ್ತದೆ. ಕೀಬೋರ್ಡಿನ ಯಾವ ಮನೆಗೂ ಅದು ಸೇರುವುದಿಲ್ಲ. ಎಲ್ಲ ಹಾಡುಗಳನ್ನೂ ಊರಲ್ಲೇ 48ಕ್ಕೆ ಬದಲಿಸಿ ಇಟ್ಟುಕೊಂಡು, ಇಂಟರ್‌ಫೇಸಿನಿಂದ ಡಿಐ ಪೆಟ್ಟಿಗೆಯ (ಸದ್ದನ್ನು ಉದ್ದ ವೈರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕ ಮಾಮೂಲಿ ಅನಲಾಗ್ ವೈರಿನಲ್ಲೇ ಮಿಕ್ಸರಿಗೆ ಕೊಟ್ಟರೆ ಈ ತಾಪತ್ರಯವೇ ಇಲ್ಲ. ಗುಂಯ್ ಎಂಬ ಸದ್ದು ಬಂದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಬೇಕು; ಅದು ಸದ್ದಿನ ವೈರಿನ ಅರ್ಥನ್ನಷ್ಟೇ ಬಿಡಿಸುತ್ತದೆ. ಚಾರ್ಜರಿನ ಅರ್ಥ್ ಪಿನ್ನು ಕಿತ್ತು ಸದ್ದು ನಿಲ್ಲಿಸುವ ಚಾಳಿ ನಮ್ಮಲ್ಲಿ ಬಹಳ; ಮೈಕು ತುಟಿಗೆ ತಾಗಿದಾಗ ಶಾಕ್ ಹೊಡೆಯುವುದು ಹಾಗೆ.

ಎರಡು ಲ್ಯಾಪ್‌ಟಾಪು ಒಟ್ಟಿಗೇ ಓಡುತ್ತಿರಬೇಕು. ಸಂಗೀತದ ಜೊತೆ ಒಂದು ಚಾನೆಲಿನಲ್ಲಿ ನಿರಂತರ ಸ್ವರವೊಂದನ್ನು ಬಿಟ್ಟಿರುತ್ತಾರೆ. ಮೊದಲಿನದರಿಂದ ಅದು ನಿಂತ ಕ್ಷಣ ಸ್ವಿಚ್ ಪೆಟ್ಟಿಗೆ ತಾನಾಗಿಯೇ ಎರಡನೆಯದಕ್ಕೆ ಹೊರಳುತ್ತದೆ. ಅಷ್ಟು ಖರ್ಚು ಆಗದ ಜೋಡಿಗೆ ನಮ್ಮ ಸಲಹೆ: ಟ್ರ್ಯಾಕ್ ನಿಂತರೆ ಡ್ರಮ್ಮರ್ ಲಯ ಬಿಡದೆ ನಡೆಸಲಿ, ಆ ಹಾಡು ಮುಗಿಯುವ ತನಕ ಲ್ಯಾಪ್‌ಟಾಪನ್ನು ಯಾರೂ ಮುಟ್ಟಬೇಡಿ. ನಡುವೆ ಟ್ರ್ಯಾಕನ್ನು ಮತ್ತೆ ಶುರುಮಾಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ವೈಫೈ, ಅಪ್‌ಡೇಟು, ಸ್ಕ್ರೀನ್ ನಿದ್ದೆ ಇವನ್ನು ಬಂದ್ ಮಾಡುವುದು, ಸದ್ದು ತುಂಡಾಗದಂತೆ ಕಂಪ್ಯೂಟರು ಮುಂಚಿತವಾಗಿ ಕೂಡಿಟ್ಟುಕೊಳ್ಳುವ ಬಫರನ್ನು 512 ಸ್ಯಾಂಪಲಿಗೆ ಏರಿಸುವುದು ಗೊತ್ತಿರುವ ಮಾತೇ.

ಇನ್ನು ಕರೆಂಟು. ಜಪಾನಿನಲ್ಲಿ ಮನೆಗೆ ಬರುವುದು 100 ವೋಲ್ಟ್. ಟೋಕಿಯೋದಲ್ಲಿ 50 ಹರ್ಟ್ಜ್, ಒಸಾಕಾದಲ್ಲಿ 60. ಜಕಾರ್ತದಲ್ಲಿ 220ರಿಂದ 230 ವೋಲ್ಟ್, 50 ಹರ್ಟ್ಜ್. ಸಾಕೆಟ್ಟಿಗೆ ದುಂಡು ಪಿನ್ನು ಬೇಕು. ಜಪಾನಿನ ಚಪ್ಪಟೆ ಪಿನ್ನು ಅಲ್ಲಿ ಹೋಗುವುದೇ ಇಲ್ಲ, ಹಾಗಾಗಿ ಯಾರಾದರೂ ನಿಂತು ಯೋಚಿಸುತ್ತಾರೆ. ಮೋಸ ಇರುವುದು ಮನಿಲಾದಲ್ಲಿ. ವೋಲ್ಟು ಅಲ್ಲೂ 220ರ ಮೇಲೆಯೇ, ಸಾಕೆಟ್ಟು ಮಾತ್ರ ಜಪಾನಿನಂಥದೇ ಚಪ್ಪಟೆ ಎರಡು ಸೀಳು. 100 ವೋಲ್ಟಿನ ಹಳೆಯ ಸಿಂಥ್ ಅದರಲ್ಲಿ ಸಲೀಸಾಗಿ ಕೂರುತ್ತದೆ, ಸ್ವಿಚ್ ಹಾಕಿದೊಡನೆ ಫ್ಯೂಸು ಹಾರುತ್ತದೆ, ಅದೃಷ್ಟ ಕೆಟ್ಟಿದ್ದರೆ ಕೆಪಾಸಿಟರೂ ಉಬ್ಬಿ ಸುಟ್ಟ ವಾಸನೆ ಬರುತ್ತದೆ. ಪಿನ್ನಿನ ಆಕಾರ ಬದಲಿಸುವ ಅಡಾಪ್ಟರು ವೋಲ್ಟನ್ನು ಬದಲಿಸುವುದಿಲ್ಲ. ಉಪಕರಣದ ಬೆನ್ನಿಗೆ 100-240 ಎಂದು ಬರೆದಿದ್ದರೆ ಚಿಂತೆಯಿಲ್ಲ. 100 ಎಂದಷ್ಟೇ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಉಪಕರಣಗಳ ಒಟ್ಟು ವಾಟಿನ ಎರಡರಷ್ಟು ತಾಳುವಂಥದು. ನಮ್ಮ ಊರಿನ 230ರ ಉಪಕರಣ ಜಪಾನಿಗೋ ಅಮೆರಿಕಕ್ಕೋ ಹೋದರೆ ತೊಂದರೆ ತಿರುಗುಮುರುಗು: ಸುಡುವುದಿಲ್ಲ, ಹೊತ್ತಿಕೊಳ್ಳುವುದೇ ಇಲ್ಲ.

ವೈರ್‌ಲೆಸ್ ಮೈಕಿನದೂ ದೇಶಕ್ಕೊಂದು ಕಾನೂನು. ಅಮೆರಿಕದಲ್ಲಿ 614ರಿಂದ 698 ಮೆಗಾಹರ್ಟ್ಜಿನ ವರೆಗಿನ ಪಟ್ಟಿಯ ಬಹುಭಾಗ 2020ರ ಜುಲೈಯಿಂದ ಮೈಕುಗಳಿಗೆ ಮುಚ್ಚಿದೆ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಸೆಟ್ಟನ್ನು ಹಾಗೇ ಹೊತ್ತೊಯ್ಯುವ ಬದಲು ಗಾಯಕಿಯ ಮೈಕನ್ನು ಉತ್ಸವದವರಿಂದಲೇ ಕೇಳಿ ಪಡೆಯುವುದು ಲೇಸು. ಸಾಮಾನಿಗೆ ಎಟಿಎ ಕಾರ್ನೆ, ಅಂದರೆ ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಯ್ದು ತರಲು ಬೇಕಾದ ಕಾಗದ, ಮಾಡಿಸಬೇಕು. ನಮ್ಮಲ್ಲಿ ಕೊಡುವುದು ವಾಣಿಜ್ಯ ಮಂಡಳಿಗಳ ಒಕ್ಕೂಟ ಫಿಕ್ಕಿ. ಹೋಗುವಾಗಲೂ ಬರುವಾಗಲೂ ಕಸ್ಟಮ್ಸ್ ಮುದ್ರೆ ತಪ್ಪಬಾರದು, ಪಟ್ಟಿಯಲ್ಲಿನ ಸೀರಿಯಲ್ ನಂಬರು ಪೆಟ್ಟಿಗೆಯ ಮೇಲಿನದಕ್ಕೆ ತಾಳೆಯಾಗಬೇಕು. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ.

ಇಷ್ಟೆಲ್ಲ ಹೊತ್ತು ಹೋದವರಿಗೆ ಉತ್ಸವದಲ್ಲಿ ಸಿಗುವುದು ಎಷ್ಟು ಹೊತ್ತು? ಹೊಸ ತಂಡವಾದರೆ ಎರಡು ಕಾರ್ಯಕ್ರಮಗಳ ನಡುವೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಮೂವತ್ತು. ಹಾಡಿ ನೋಡಿ ಮಟ್ಟ ಹೊಂದಿಸುವ ಸೌಂಡ್ ಚೆಕ್ ಎಂಬುದಿಲ್ಲ, ಪ್ರತಿ ವೈರಿನಲ್ಲೂ ಸದ್ದು ಬರುತ್ತಿದೆಯೇ ಎಂದಷ್ಟೇ ನೋಡುವ ಲೈನ್ ಚೆಕ್ ಮಾತ್ರ. ಹಿಂದಿನವರ ಸಾಮಾನು ಇಳಿಯಲು ಐದು ನಿಮಿಷ. ಚಕ್ರದ ಹಲಗೆಯ ಮೇಲೆ ಮೊದಲೇ ಜೋಡಿಸಿದ ಡ್ರಮ್ಸ್ ತಳ್ಳಿ, ವೈರು ಸಿಕ್ಕಿಸಲು ಇನ್ನೈದು. ಇಪ್ಪತ್ತನಾಲ್ಕು ಲೈನುಗಳಿಗೆ ತಲಾ 15 ಸೆಕೆಂಡಾದರೂ ಆರು ನಿಮಿಷ ಹೋಯಿತು. ಉಳಿದದ್ದು ನಾಲ್ಕು, ಯಾವುದೋ ಒಂದು ವೈರು ಸತ್ತಿರುತ್ತದೆ, ಅದಕ್ಕೆ ಆ ನಾಲ್ಕೂ ಹೋಗುತ್ತವೆ. ಹಾಗಾಗಿ ಗಾಯಕಿಯ ಮೈಕು, ಕ್ಲಿಕ್, ಇಯರ್‌ಫೋನು ಮೊದಲು ನೋಡಬೇಕು, ಡ್ರಮ್ಸ್ ಕೊನೆಗೆ. ಡ್ರಮ್ಸಿನ ಮಟ್ಟವನ್ನು ಹಾಡು ನಡೆಯುತ್ತಿರುವಾಗಲೂ ಸರಿಮಾಡಬಹುದು. ಕ್ಲಿಕ್ ಇಲ್ಲದೆ ಹಾಡು ಶುರುವೇ ಆಗುವುದಿಲ್ಲ. ಮೊದಲ ಹಾಡು ಹೇಗೂ ಸೌಂಡಿನವರ ಪಾಲಿಗೆ ಹೋಗುವಂಥದು, ಅದಕ್ಕೆ ಅತ್ಯುತ್ತಮ ಹಾಡನ್ನು ಇಡಬಾರದು. ಜಕಾರ್ತದಲ್ಲಿ ಡಿಸೆಂಬರ್ ಎಂದರೆ ಮಳೆಗಾಲ. ಏಸಿ ಕೋಣೆಯಿಂದ ತಂದ ಲ್ಯಾಪ್‌ಟಾಪನ್ನು ಅಂಥ ತೇವದಲ್ಲಿ ತಟ್ಟನೆ ತೆರೆದರೆ ಒಳಗೆ ಹನಿಗಟ್ಟುತ್ತದೆ. ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಬೇಕು. ಜೂನ್ ತಿಂಗಳ ಮುಂಬಯಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಜವಾಗಿ ಇಬ್ಬರೇ ನಿಂತದ್ದಕ್ಕೆ ಉದಾಹರಣೆ ಬೇಕಿದ್ದರೆ ಪುರವಣಿಯವರು ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿಯನ್ನು ತೆಗೆದುಕೊಳ್ಳಬಹುದಿತ್ತು. 1996ರ ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈವನ್ ಫರ್ದರ್ ಉತ್ಸವದಲ್ಲಿ, ಮೊದಲ ಆಲ್ಬಂ ಹೊರಬರುವ ಮುನ್ನವೇ, ಅವರು ನುಡಿಸಿದರು. ಅವರ ಗುರುತಾದ ರೋಬೋಟ್ ಶಿರಸ್ತ್ರಾಣ ಇನ್ನೂ ಬಂದಿರಲಿಲ್ಲ. ಅವರ ಬಗೆಯ ಸಂಗೀತದಲ್ಲಿ ಡ್ರಮ್ ಮೆಷಿನ್, ಸ್ವರಗಳನ್ನು ಸಾಲಾಗಿ ನುಡಿಸುವ ಸೀಕ್ವೆನ್ಸರ್, ಸಿಂಥ್‌ಗಳನ್ನು ಒಂದಕ್ಕೊಂದು ವೈರಿನಿಂದ ಕಟ್ಟಿರುತ್ತಾರೆ. ಒಂದು ಯಂತ್ರ ಬಡಿತಕ್ಕೆ 24 ಮಿಡಿತದಂತೆ ಲೆಕ್ಕ ಕಳಿಸುತ್ತದೆ, ಉಳಿದವು ಹಿಂಬಾಲಿಸುತ್ತವೆ. ಗುಂಡಿ ಒತ್ತುವುದೇ ಅಲ್ಲಿ ನುಡಿಸುವುದು: ಯಾವ ಸದ್ದು ಯಾವಾಗ ಬಿಡಬೇಕು, ಎಷ್ಟು ಹೊತ್ತು ತಡೆಹಿಡಿಯಬೇಕು ಎಂಬುದು ಆ ಕ್ಷಣದ ಕೈಚಳಕ. 2006ರಲ್ಲಿ ಕೊಚೆಲ್ಲಾದಲ್ಲಿ ಪಿರಮಿಡ್ ಆಕಾರದ ಕಟ್ಟೆ ಏರಿ ಕೂರುವ ಹೊತ್ತಿಗೆ ಅವರಿಗೆ ಹತ್ತು ವರ್ಷದ ವೇದಿಕೆ ಬೆನ್ನಿಗಿತ್ತು.

ಇದನ್ನೆಲ್ಲ ಮುಂಬಯಿ ಪತ್ರಿಕೆಗೆ ಬರೆಯಲು ಕಾರಣವಿದೆ. 2023ರ ಜನವರಿಯಿಂದ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಲೊಲಾಪಲೂಜಾ ಎಂಬ ಸಂಗೀತೋತ್ಸವ ಬಂದಿದೆ. ಅಂಥವೇ ಉತ್ಸವಗಳು ಗೋವಾದಲ್ಲಿ ಸನ್‌ಬರ್ನ್ 2007ರಲ್ಲಿ, ಪುಣೆಯಲ್ಲಿ ವೀಕೆಂಡರ್ 2010ರಲ್ಲಿ ಶುರುವಾದವು. ಹೊರದೇಶದ ಜೋಡಿಗಳಿಗೆ ನಾವೇ ಈಗ ಕಡಲಾಚೆಯವರು. ಬಯಲಿನಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ 2000ದಿಂದ ಇದೆ, ಸರಕಾರ ಬಿಟ್ಟುಕೊಡುವ ಕೆಲವು ದಿನ ಹೊರತು. ಹಿಂದಿನ ತಂಡ ಹತ್ತು ನಿಮಿಷ ಎಳೆದರೆ ಕೊನೆಯವರ ಎರಡು ಹಾಡು ಕತ್ತರಿಸಬೇಕಾಗುತ್ತದೆ. ಅದನ್ನು ನೋಡಿ ಜೋಡಿ ಅರ್ಧಕ್ಕೇ ಎದ್ದು ಹೋಯಿತು ಎಂದು ವರದಿ ಬರೆಯಬಾರದು.

ಇನ್ನೊಂದು ಕೋರಿಕೆ ನಮ್ಮ ಕನ್ನಡ ಸಂಘಗಳಿಗೆ. ಮಾಟುಂಗಾ, ಡೊಂಬಿವಲಿ, ಪುಣೆಯ ಸಭಾಂಗಣಗಳಲ್ಲಿ ಹಾಡುವ ಹುಡುಗ ಹುಡುಗಿಯರ ಜೋಡಿಗಳಿಗೆ ಸನ್ಮಾನ, ಸ್ವಾಗತ ಭಾಷಣಗಳ ನಡುವೆ ಐದು ನಿಮಿಷ ಕೊಟ್ಟು ‘ಹ್ಞೂಂ, ಶುರುಮಾಡಿ’ ಎನ್ನುತ್ತೇವೆ. ಅವರಿಂದ ಒಂದು ವಾರ ಮೊದಲು ಇನ್‌ಪುಟ್ ಪಟ್ಟಿ (ಯಾವ ಮೈಕು, ವಾದ್ಯ ಯಾವ ಲೈನಿಗೆ ಎಂಬುದು) ತರಿಸಿಕೊಳ್ಳಿ, ಪರದೆ ಹಾಕಿ ಹದಿನೈದು ನಿಮಿಷ ಲೈನ್ ಚೆಕ್ಕಿಗೆ ಕೊಡಿ, ಆ ಹೊತ್ತಿಗೆ ಭಾಷಣಗಳನ್ನು ಪರದೆಯ ಮುಂದೆ ಮುಗಿಸಿಬಿಡಿ. ಭಾಷಣಕ್ಕೆ ಒಂದು ಮೈಕು ಸಾಕು.

ಇಂತು,
ಧ್ವನಿ ವ್ಯವಸ್ಥೆಯ ಕೆಲಸ ಬಲ್ಲ ಇಬ್ಬರು ಓದುಗರು,
ಡೊಂಬಿವಲಿ