ಮೂರು ಮತಗಳ ಅಂತರ: ನಮ್ಮ ಕ್ಷೇತ್ರದ ಸಂಸತ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

3 ಏಪ್ರಿಲ್ 2019

ಮಾನ್ಯ ಸಂಸತ್ ಸದಸ್ಯರಿಗೆ ನಮಸ್ಕಾರಗಳು.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿಯೂ ಬರೆದು ಬಹಿರಂಗಪಡಿಸಲು ಕಾರಣವಿದೆ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಾದ ನಾವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ನಿಮ್ಮನ್ನು ಆರಿಸುವ ಹಕ್ಕುಳ್ಳವರು. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನ ಈ ಭಾಗದಲ್ಲಿ ಅಂಥ ಕನ್ನಡದ ಮನೆಗಳು ಕೆಲವಿವೆ, ಮತ್ತು ಕಳೆದ ವಾರಗಳಲ್ಲಿ ಆ ಮನೆಗಳಲ್ಲಿ ಊಟದ ಹೊತ್ತಿಗೆ ನಡೆದಿರುವುದು ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ, ಚರ್ಚೆಯೇ ಹೊರತು ಬೇರೆಯಲ್ಲ.

ಸೋಮವಾರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಸ್ಪೀಕರ್ ಜಾನ್ ಬರ್ಕೋ ಅವರು ಫಲಿತಾಂಶ ಓದಿದಾಗ, ಐರೋಪ್ಯ ಒಕ್ಕೂಟದೊಂದಿಗೆ ಶಾಶ್ವತ ಸುಂಕ ಒಕ್ಕೂಟ (ಕಸ್ಟಮ್ಸ್ ಯೂನಿಯನ್, ಅಂದರೆ ಒಳಗಿನ ದೇಶಗಳ ನಡುವೆ ಸುಂಕವಿಲ್ಲ, ಹೊರಗಿನವರಿಗೆ ಎಲ್ಲರದೂ ಒಂದೇ ಸುಂಕ) ಇರಲಿ ಎಂಬ ಹಿರಿಯ ಸಂಸದ ಕೆನ್ ಕ್ಲಾರ್ಕ್ ಅವರ ಸೂಚನೆಗೆ 273 ಮತಗಳು ಪರವಾಗಿ, 276 ಮತಗಳು ವಿರುದ್ಧವಾಗಿ ಬಿದ್ದಿದ್ದವು. ಯಾರು ಯಾವ ಕಡೆ ಎಂಬ ಪಟ್ಟಿ ಅದೇ ರಾತ್ರಿ ಪ್ರಕಟವಾಯಿತು. ನಾನು ಎರಡೂ ಪಟ್ಟಿಗಳಲ್ಲಿ ನಿಮ್ಮ ಹೆಸರನ್ನು ಹುಡುಕಿದೆ. ಎರಡರಲ್ಲಿಯೂ ಇರಲಿಲ್ಲ. ನೀವು ಸದನದಲ್ಲಿ ಇರಲಿಲ್ಲವೆಂದಲ್ಲ. ಹೊರಬರುವ ಒಪ್ಪಂದವನ್ನು ಮತ್ತೆ ಜನರ ಮುಂದಿಡಬೇಕೆಂಬ ಸೂಚನೆಗೆ ಪರವಾಗಿ ಮತ ಹಾಕಿದವರಲ್ಲಿ ನೀವಿದ್ದೀರಿ. ಸುಂಕ ಒಕ್ಕೂಟದ ಸಾಲಿನ ಮುಂದೆ ಮಾತ್ರ ಯಾವ ಗುರುತನ್ನೂ ಹಾಕದೆ, ನಾಲ್ಕೂ ಸೂಚನೆಗಳಿದ್ದ ಆ ಮತಪತ್ರವನ್ನು ಹಿಂದಿರುಗಿಸಿದಿರಿ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದು ನಮ್ಮಲ್ಲಿ ಇದಕ್ಕೆ ಹೇಳುತ್ತಾರೆ.

ಉತ್ತರ ಐರ್ಲೆಂಡಿನಿಂದ ಗೆದ್ದ ಸಿನ್ ಫೇನ್ ಪಕ್ಷದ ಏಳು ಮಂದಿಯೂ ಮತ ಹಾಕಲಿಲ್ಲ ಎಂದು ನೀವು ಹೇಳಬಹುದು. ಅವರ ಮಾತು ಬೇರೆ. ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಿ ಕೂರುವುದಿಲ್ಲ ಎಂದು ಮೊದಲೇ ಹೇಳಿ ಮತ ಕೇಳಿದವರು ಅವರು. ಹೋಗುತ್ತೇನೆ, ನಿಮ್ಮ ಪರವಾಗಿ ತೀರ್ಮಾನ ಮಾಡುತ್ತೇನೆ ಎಂದು ಹೇಳಿ ಗೆದ್ದವರು ನೀವು.

ನನ್ನ ಬಗ್ಗೆ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. 2016ರ ಜೂನ್ 23ರ ಜನಮತಗಣನೆಯಲ್ಲಿ ನಾನು ಮತ ಹಾಕಿದ್ದು ಹೊರಬರುವ ಪರವಾಗಿ. ಶೇಕಡಾ 51.9ರಲ್ಲಿ ನಾನೂ ಸೇರಿದ್ದೇನೆ. ನನ್ನ ಸಿಟ್ಟು ವೀಸಾದ ಸಿಟ್ಟು. ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳು ಎರಡು ವರ್ಷ ಇಲ್ಲಿಯೇ ಕೆಲಸ ಮಾಡಬಹುದಾಗಿದ್ದ ವೀಸಾವನ್ನು 2012ರಲ್ಲಿ ನಿಲ್ಲಿಸಲಾಯಿತು. ಆಗ ಗೃಹ ಸಚಿವರಾಗಿದ್ದವರು ಇಂದಿನ ಪ್ರಧಾನಿ ತೆರೇಸಾ ಮೇ ಅವರೇ. ಅದರ ಮರುವರ್ಷ ಇಲ್ಲಿಗೆ ಓದಲು ಬಂದ ನನ್ನ ಅಕ್ಕನ ಮಗ, ಕೋರ್ಸ್ ಮುಗಿದ ನಾಲ್ಕು ತಿಂಗಳೊಳಗೆ ಪ್ರಾಯೋಜಕತ್ವ ಕೊಡುವ ಕಂಪನಿ ಸಿಗದೆ ಮೈಸೂರಿಗೆ ಮರಳಿದ. ಐರೋಪ್ಯ ಒಕ್ಕೂಟದ ಇಪ್ಪತ್ತೇಳು ದೇಶಗಳವರಿಗೆ ಬಾಗಿಲು ತೆರೆದಿರುವಾಗ ನಮಗೇಕೆ ಮುಚ್ಚಿದೆ, ಒಕ್ಕೂಟದಿಂದ ಹೊರಬಂದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ ಎಂದು ಆಗ ನಮ್ಮವರಲ್ಲಿ ಅನೇಕರು ನಂಬಿದ್ದೆವು. ಹಾಗೆ ನಂಬಿಸಿದ ಪ್ರಚಾರವೂ ನಡೆದಿತ್ತು. ಇದರಲ್ಲಿ ಒಂದು ವಿಚಿತ್ರವೂ ಇದೆ: ನನ್ನೊಂದಿಗೆ ಹನ್ನೆರಡು ವರ್ಷದಿಂದ ಒಂದೇ ಪಾಳಿಯಲ್ಲಿ ದುಡಿಯುವ ಪೋಲೆಂಡಿನ ಗೆಳೆಯನಿಗೆ, ಯಾರ ಬದುಕು ಈ ಮತದಿಂದ ತಲೆಕೆಳಗಾಗಲಿತ್ತೋ ಅವನಿಗೆ, ಅಂದು ಮತವಿರಲಿಲ್ಲ, ನನಗಿತ್ತು. ಇಲ್ಲಿಯೇ ನೆಲೆಸಲು ಅನುಮತಿ ಕೋರುವ ಅರ್ಜಿಯನ್ನು ಅವನು ಈ ವಾರ ತುಂಬುತ್ತಿದ್ದಾನೆ. ಇನ್ನೂ ನನ್ನೊಂದಿಗೆ ಮಾತು ಬಿಟ್ಟಿಲ್ಲ ಎಂಬುದು ಅವನ ದೊಡ್ಡತನ.

ನನ್ನ ನಂಬಿಕೆಯ ಕತೆ ಮುಗಿಯಲು ಐದು ತಿಂಗಳು ಸಾಕಾಯಿತು. ಪ್ರಧಾನಿಯಾದ ಮೇಲೆ ತೆರೇಸಾ ಮೇ ಅವರು ಯೂರೋಪಿನಾಚೆಗೆ ಕೈಗೊಂಡ ಮೊದಲ ದ್ವಿಪಕ್ಷೀಯ ಭೇಟಿ ಭಾರತಕ್ಕೆ. 2016ರ ನವೆಂಬರ್ 8ರಂದು ಅವರು ಬೆಂಗಳೂರಿನಲ್ಲಿದ್ದರು. ಸೀರೆಯುಟ್ಟು ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋದ ಚಿತ್ರವನ್ನು ನಮ್ಮ ಮನೆಯವರೆಲ್ಲ ಪರಸ್ಪರ ಕಳಿಸಿಕೊಂಡೆವು. (ಅದೇ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾಗಿ ಆ ಚಿತ್ರವನ್ನು ಎಲ್ಲರೂ ಮರೆತರು.) ವ್ಯಾಪಾರದ ಮಾತಿಗೆ ಬಂದವರಿಗೆ ದೆಹಲಿಯಲ್ಲಿ ಸಿಕ್ಕ ಉತ್ತರ ನೇರವಾಗಿತ್ತು: ನಮ್ಮ ವಿದ್ಯಾರ್ಥಿಗಳ, ವೃತ್ತಿಪರರ ಓಡಾಟಕ್ಕೆ ಅನುಕೂಲವಾಗಬೇಕು. ಅದಕ್ಕೆ ಅವರು ಒಪ್ಪಲಿಲ್ಲ. ಭಾರತ ಮತ್ತು ಐರೋಪ್ಯ ಒಕ್ಕೂಟದ ವ್ಯಾಪಾರ ಮಾತುಕತೆ 2007ರಲ್ಲಿ ಶುರುವಾಗಿ 2013ರಲ್ಲಿ ನಿಂತಿತಲ್ಲ, ಅಲ್ಲಿಯೂ ಎಡವಿದ ಕಲ್ಲುಗಳಲ್ಲಿ ಇದೂ ಒಂದು. ವಲಸೆಯನ್ನು ತಗ್ಗಿಸುವುದಕ್ಕೆಂದು ಹೊರಬರುವವರು, ವಲಸೆಯನ್ನೇ ಬೆಲೆಯಾಗಿ ಕೇಳುವ ದೇಶದೊಂದಿಗೆ ದೊಡ್ಡ ಒಪ್ಪಂದ ಮಾಡಿಕೊಳ್ಳುವುದು ಹೇಗೆ ಎಂದು ನಾನು ಮತ ಹಾಕುವ ಮುನ್ನ ಯೋಚಿಸಬೇಕಾಗಿತ್ತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ, ಸುಂಕ ಒಕ್ಕೂಟದ ವಿರುದ್ಧ ಗಟ್ಟಿಯಾಗಿ ಕೇಳಿಬರುವ ವಾದ ಇದೇ ಎಂಬುದು. ಅದರೊಳಗೆ ಉಳಿದರೆ ಸರಕುಗಳ ಸುಂಕದ ವಿಷಯದಲ್ಲಿ ಭಾರತದೊಂದಿಗೋ ಅಮೆರಿಕದೊಂದಿಗೋ ಪ್ರತ್ಯೇಕ ಒಪ್ಪಂದ ಸಾಧ್ಯವಿಲ್ಲ, ಸ್ವತಂತ್ರ ವ್ಯಾಪಾರ ನೀತಿಯ ಕನಸನ್ನು ಬಿಡಬೇಕು ಎನ್ನುತ್ತಾರೆ. ನಿಜ, ಬಿಡಬೇಕು. ಆ ಕನಸನ್ನು ಕಂಡವರಲ್ಲಿ ಒಬ್ಬನಾದ ನಾನು ಬಿಟ್ಟಿದ್ದೇನೆ. ಈ ದೇಶದ ರಫ್ತಿನಲ್ಲಿ ಸುಮಾರು ಶೇಕಡಾ 45ರಷ್ಟು ಐರೋಪ್ಯ ಒಕ್ಕೂಟಕ್ಕೇ ಹೋಗುವಾಗ, ಅದಕ್ಕೆ ಹೋಲಿಸಿದರೆ ಭಾರತದ ಪಾಲು ತೀರಾ ಚಿಕ್ಕದು.

ನಾನು ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಸಾಮಗ್ರಿ ಸರಬರಾಜಿನ ಉಸ್ತುವಾರಿ ನೋಡುತ್ತೇನೆ. ಜರ್ಮನಿಯಲ್ಲಿ ಎರಕ ಹೊಯ್ದ ಭಾಗ ಲಾರಿಯಲ್ಲಿ ಬಂದು ಡೋವರ್ ಬಂದರಿನಲ್ಲಿ ಇಳಿಯುತ್ತದೆ. ನಾವು ಅದನ್ನು ಕೊರೆದು, ನಯ ಮಾಡಿ, ಜೋಡಣೆಗೆ ಮತ್ತೆ ಸಮುದ್ರ ದಾಟಿಸುತ್ತೇವೆ. ಪೂರ್ತಿಯಾದ ಎಂಜಿನ್ ಇನ್ನೊಮ್ಮೆ ಈ ದಡಕ್ಕೆ ಬರುತ್ತದೆ. ನಮ್ಮ ಕಪಾಟುಗಳಲ್ಲಿ ಇರುವ ದಾಸ್ತಾನು ದಿನಗಳ ಲೆಕ್ಕದ್ದಲ್ಲ, ಗಂಟೆಗಳ ಲೆಕ್ಕದ್ದು. ಇಂದು ಆ ಲಾರಿಯನ್ನು ಯಾರೂ ಸುಂಕಕ್ಕಾಗಿ ತಡೆಯುವುದಿಲ್ಲ. ಒಪ್ಪಂದವಿಲ್ಲದೆ ಹೊರಬಿದ್ದರೆ ಕಾರಿಗೆ ಶೇಕಡಾ 10ರ ಸುಂಕ. ಸುಂಕವಿಲ್ಲದ ವ್ಯಾಪಾರ ಒಪ್ಪಂದ ಮಾಡಿಕೊಂಡರೂ, ಸುಂಕ ಒಕ್ಕೂಟದ ಹೊರಗಿದ್ದರೆ ಪ್ರತಿ ಭಾಗವೂ ಯಾವ ದೇಶದಲ್ಲಿ ಎಷ್ಟರ ಮಟ್ಟಿಗೆ ತಯಾರಾಯಿತು ಎಂಬ ಮೂಲದ ದಾಖಲೆ ತೋರಿಸಬೇಕು. ಮೂರು ಸಲ ಸಮುದ್ರ ದಾಟಿದ ಲೋಹದ ತುಂಡಿಗೆ ಹುಟ್ಟೂರು ಯಾವುದೆಂದು ನಾನು ಏನೆಂದು ಬರೆಯಲಿ? ಜಿಎಸ್‌ಟಿ ಬರುವ ಮುನ್ನ ಕೇರಳ-ತಮಿಳುನಾಡು ಗಡಿಯ ವಾಳಯಾರಿನ ಚೆಕ್‌ಪೋಸ್ಟಿನಲ್ಲಿ ಮೈಲುಗಟ್ಟಲೆ ನಿಂತ ಲಾರಿಗಳನ್ನು ಕಂಡವನಿಗೆ ಕಾಗದಪತ್ರದ ಗಡಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜನವರಿಯಲ್ಲಿ ಕೆಂಟ್‌ನ ಮ್ಯಾನ್‌ಸ್ಟನ್ ವಿಮಾನ ನಿಲ್ದಾಣದಲ್ಲಿ ಸರ್ಕಾರ ಟ್ರಾಫಿಕ್ ಜಾಮ್‌ನ ತಾಲೀಮು ನಡೆಸಿತಲ್ಲ, ಅದಕ್ಕೆ ಬಂದದ್ದು 89 ಲಾರಿಗಳು. ಡೋವರ್‌ನಲ್ಲಿ ದಿನಕ್ಕೆ ಹತ್ತು ಸಾವಿರ ಲಾರಿಗಳವರೆಗೆ ಓಡಾಡುತ್ತವೆ.

ಸುಂಕ ಒಕ್ಕೂಟ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಟರ್ಕಿ 1995ರ ಕೊನೆಯಿಂದ ಐರೋಪ್ಯ ಒಕ್ಕೂಟದೊಂದಿಗೆ ಅಂಥದೊಂದು ಒಕ್ಕೂಟದಲ್ಲಿದೆ, ಆದರೂ ಬಲ್ಗೇರಿಯಾದ ಗಡಿಯಲ್ಲಿ ಅದರ ಲಾರಿಗಳು ಸಾಲುಗಟ್ಟುವುದು ತಪ್ಪಿಲ್ಲ. ಸುಮಾರು 500 ಕಿಲೋಮೀಟರ್ ಉದ್ದದ, ಇನ್ನೂರಕ್ಕೂ ಹೆಚ್ಚು ರಸ್ತೆಗಳು ದಾಟುವ, ಬ್ರಿಟನ್ನಿನ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲಿರುವ ಐರ್ಲೆಂಡಿಗೂ ನಡುವಿನ ಗಡಿಯಲ್ಲಿ, 1998ರ ಗುಡ್ ಫ್ರೈಡೆ ಶಾಂತಿ ಒಪ್ಪಂದದ ನಂತರ ಕಣ್ಮರೆಯಾದ ತಪಾಸಣಾ ಠಾಣೆಗಳು ಮರಳದಿರಬೇಕಾದರೆ ಸುಂಕದ ಜೊತೆಗೆ ಸರಕಿನ ಗುಣಮಟ್ಟದ ನಿಯಮಗಳೂ ಹೊಂದಬೇಕು. ಆದರೆ ಅರ್ಧ ಕೆಲಸ ಇದರಿಂದಲೇ ಆಗುತ್ತದೆ, ಮತ್ತು ಬ್ಯಾಕ್‌ಸ್ಟಾಪ್ (ಆ ಗಡಿಯಲ್ಲಿ ತಪಾಸಣೆ ಮರಳದಂತೆ ಹೊರಬರುವ ಒಪ್ಪಂದದಲ್ಲಿ ಇಟ್ಟ ಕೊನೆಯ ಏರ್ಪಾಡು) ಎಂಬ ಆ ಒಂದು ಶಬ್ದದ ಭಯ ಬಹುಮಟ್ಟಿಗೆ ಇಳಿಯುತ್ತದೆ.

ಈಗ ಕಗ್ಗಂಟಿನ ವಿಷಯ. ಪ್ರಧಾನಿಯವರ ಒಪ್ಪಂದ ಜನವರಿ 15ರಂದು 230 ಮತಗಳಿಂದ, ಮಾರ್ಚ್ 12ರಂದು 149 ಮತಗಳಿಂದ, ಹೊರಬರಬೇಕಾಗಿದ್ದ ದಿನವಾದ ಮಾರ್ಚ್ 29ರಂದೇ 58 ಮತಗಳಿಂದ ಸೋತಿತು. ಒಪ್ಪಂದವಿಲ್ಲದೆ ಹೊರಹೋಗುವುದನ್ನೂ ಸದನ ತಿರಸ್ಕರಿಸಿದೆ. ಕಳೆದ ಬುಧವಾರ ಮುಂದಿಟ್ಟ ಎಂಟು ದಾರಿಗಳಿಗೆ, ಈ ಸೋಮವಾರದ ನಾಲ್ಕಕ್ಕೆ, ಎಲ್ಲಕ್ಕೂ ಇಲ್ಲ ಎಂದಿದೆ. 585 ಪುಟಗಳ ಒಪ್ಪಂದ ಸಾಲದೆಂದು ಹೇಳಲು ಸದನಕ್ಕೆ ಬಹುಮತವಿದೆ, ಏನು ಬೇಕೆಂದು ಹೇಳಲು ಇಲ್ಲ.

ಇದು ಅಸಮರ್ಥತೆಯೆಂದು ಪತ್ರಿಕೆಗಳು ಬರೆಯುತ್ತವೆ. ನನಗೆ ಕಾಣುವುದು ಲೆಕ್ಕಾಚಾರ. ಏನೂ ತೀರ್ಮಾನವಾಗದಿದ್ದರೆ ಕಾನೂನಿನ ಪ್ರಕಾರ, ಮುಂದೂಡಿದ ಗಡುವಾದ ಏಪ್ರಿಲ್ 12ಕ್ಕೆ ತಾನಾಗಿ ಹೊರಬೀಳುತ್ತೇವೆಂದು ಒಂದು ಗುಂಪು ಕಾಯುತ್ತಿದೆ. ಉಳಿದೆಲ್ಲ ದಾರಿಗಳು ಮುಚ್ಚಿದರೆ ಕೊನೆಗೆ ಜನಮತಗಣನೆಯೊಂದೇ ಉಳಿಯುತ್ತದೆಂದು ನಿಮ್ಮ ಗುಂಪು ಕಾಯುತ್ತಿದೆ. ಎರಡೂ ಗುಂಪುಗಳು ಹೆದರಿ ತನ್ನ ಬಳಿ ಬರುತ್ತವೆಂದು ನಿನ್ನೆಯವರೆಗೆ ಪ್ರಧಾನಿಯವರು ಕಾಯುತ್ತಿದ್ದರು. ಒಂದೇ ಗಡಿಯಾರವನ್ನು ನೋಡುತ್ತ ಮೂವರೂ ಅದು ತಮ್ಮ ಪರವಾಗಿ ಓಡುತ್ತಿದೆಯೆಂದು ನಂಬಿದ್ದಾರೆ. ಆ ಗಡಿಯಾರಕ್ಕೆ ಕೀಲಿ ಕೊಟ್ಟದ್ದೂ ನೀವುಗಳೇ: 2017ರ ಫೆಬ್ರವರಿ 1ರಂದು, ಹೋಗುವ ಊರು ಯಾವುದೆಂದು ಗೊತ್ತುಮಾಡಿಕೊಳ್ಳದೆ ಬಸ್ಸು ಹತ್ತಿದ ಹಾಗೆ, ಹೊರಬರುವ ಎರಡು ವರ್ಷದ ಗಡುವನ್ನು ಶುರುಮಾಡುವ 50ನೇ ವಿಧಿಯ ಮಸೂದೆಗೆ 498 ಮಂದಿ ಕೈ ಎತ್ತಿದಿರಿ.

ನಿಮ್ಮ ಮೌನಕ್ಕೆ ಕಾರಣ ನನಗೆ ಅರ್ಥವಾಗುತ್ತದೆ. ಎರಡನೆಯ ಆಯ್ಕೆಗೆ ಮತ ಹಾಕಿದರೆ ಮೊದಲನೆಯದು ಸಾಯುತ್ತದೆಂಬ ಭಯ. ಆದರೆ ನೀವು ಬೆಂಬಲಿಸಿದ ಸೂಚನೆಯನ್ನೇ ಮತ್ತೊಮ್ಮೆ ಓದಿ. ಸಂಸತ್ತು ಒಪ್ಪಿದ ಒಪ್ಪಂದವನ್ನು ಜನರ ಮುಂದಿಡಬೇಕು ಎನ್ನುತ್ತದೆ ಅದು. ಸಂಸತ್ತು ಒಂದನ್ನಾದರೂ ಒಪ್ಪದೆ ಜನರ ಮುಂದೆ ಇಡುವುದಾದರೂ ಏನನ್ನು? ಮತ್ತೆ ಜನರ ಬಳಿಗೆ ಹೋಗುವುದರಲ್ಲಿ ನನಗೆ ಹೆಚ್ಚು ಉತ್ಸಾಹವಿಲ್ಲ. ಒಮ್ಮೆ ತಪ್ಪು ಲೆಕ್ಕ ಹಾಕಿದವನು ಇನ್ನೊಮ್ಮೆ ಸರಿಯಾಗಿಯೇ ಹಾಕುತ್ತಾನೆಂದು ನನ್ನ ವಿಷಯದಲ್ಲೇ ನನಗೆ ಖಾತ್ರಿಯಿಲ್ಲ. ಆದರೆ ನಿಮ್ಮ ದಾರಿಯೂ ನನ್ನ ದಾರಿಯೂ ಮೊದಲ ಮೈಲಿಯಲ್ಲಿ ಒಂದೇ.

ನಿನ್ನೆ, ಸಂಪುಟದ ಏಳು ಗಂಟೆಗಳ ಸಭೆಯ ನಂತರ, ಪ್ರಧಾನಿಯವರು ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅವರೊಂದಿಗೆ ಮಾತನಾಡುವುದಾಗಿ ಹೇಳಿದ್ದಾರೆ. ಇದನ್ನು ಎರಡು ವರ್ಷಗಳ ಹಿಂದೆ, 2017ರ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡ ಮರುದಿನವೇ ಹೇಳಬಹುದಾಗಿತ್ತು, ಇರಲಿ. ಆ ಮಾತುಕತೆಯ ಮೇಜಿನ ಮೇಲೆ ಮೊದಲು ಬರುವುದು ಸುಂಕ ಒಕ್ಕೂಟವೇ. ಅದು ಫಲಿಸಿದರೂ ಫಲಿಸದಿದ್ದರೂ ಪ್ರಶ್ನೆ ಮತ್ತೆ ನಿಮ್ಮ ಮುಂದೆ ಬರುತ್ತದೆ, ಬಹುಶಃ ಈ ವಾರದಲ್ಲೋ ಮುಂದಿನ ವಾರದಲ್ಲೋ. ಆಗ ಪರವಾಗಿ ಮತ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಮನಸ್ಸು ಒಪ್ಪದಿದ್ದರೆ ವಿರುದ್ಧವಾಗಿಯಾದರೂ ಹಾಕಿ. ಆಗ ನಿಮ್ಮೊಂದಿಗೆ ಜಗಳವಾಡಲು ನನಗೊಂದು ಆಧಾರವಿರುತ್ತದೆ.

ಶನಿವಾರ ಬೆಳಿಗ್ಗೆ ಗ್ರಂಥಾಲಯದಲ್ಲಿ ನೀವು ಮತದಾರರನ್ನು ಕಾಣುವ ಹೊತ್ತಿಗೆ ನಾನೂ ಬರುತ್ತೇನೆ. (ಇದನ್ನು ಇಲ್ಲಿ ಸರ್ಜರಿ ಎಂದು ಕರೆಯುತ್ತಾರೆಂದು ತಿಳಿಯದೆ, ಮೊದಲ ವರ್ಷ ನಿಮ್ಮ ಸೂಚನಾ ಫಲಕ ಓದಿ ನೀವು ವೈದ್ಯರೆಂದುಕೊಂಡಿದ್ದೆ.) ಮಾರ್ಚ್ 29ರ ಭಯದಿಂದ ನಮ್ಮ ಕಾರ್ಖಾನೆ ಬಾಡಿಗೆಗೆ ಹಿಡಿದ ಹೆಚ್ಚುವರಿ ಗೋದಾಮಿನ ಕರಾರನ್ನು ಮುಂದುವರಿಸಬೇಕೋ ಬೇಡವೋ ಎಂದು ನಾನು ಸೋಮವಾರದೊಳಗೆ ಹೇಳಬೇಕಾಗಿದೆ. ಕರಾರಿನ ಪ್ರತಿಯನ್ನು ಜೊತೆಗೆ ತರುತ್ತೇನೆ. ಯಾವ ದಿನಾಂಕ ಬರೆಯಲಿ ಎಂದು ನಿಮ್ಮನ್ನೇ ಕೇಳುವುದಿದೆ.

ಇತಿ ವಿಶ್ವಾಸಪೂರ್ವಕ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ