ಹೊರದೇಶದ ಬೇಡಿಕೆಗಳ ಬಗ್ಗೆ ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಚನ್ನಪಟ್ಟಣದ ನಮ್ಮ ಕುಶಲಕರ್ಮಿಗಳ ಸಹಕಾರ ಸಂಘದಿಂದ ಮರದ ಆಟಿಕೆಗಳನ್ನು ಅಮೆರಿಕಕ್ಕೂ ಯುರೋಪಿನ ದೇಶಗಳಿಗೂ ತರಿಸಿಕೊಳ್ಳುತ್ತಿರುವ ತಮಗೆಲ್ಲ ಒಂದು ಬದಲಾವಣೆಯನ್ನು ತಿಳಿಸಬೇಕಾಗಿದೆ. ಇನ್ನು ಮುಂದೆ ಆ ದೇಶಗಳಿಗೆ ನಾವು ಬಿಡಿ ಪಾರ್ಸೆಲ್‌ಗಳನ್ನು ನೇರವಾಗಿ ಕಳುಹಿಸುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದ ಹನ್ನೊಂದು ಮಾದರಿಗಳನ್ನು ಮಾತ್ರ ಅಲ್ಲಿನ ಆಮದುದಾರರ ಮೂಲಕ ಮಾರುತ್ತೇವೆ. ಈಗಾಗಲೇ ಹಣ ಕಟ್ಟಿ ಕಾಯುತ್ತಿರುವವರು ಈ ಹನ್ನೊಂದರ ಹೊರಗಿನ ಆಟಿಕೆಯನ್ನು ಕೇಳಿದ್ದರೆ ಅದರ ಪೂರ್ತಿ ಹಣವನ್ನು ಹಿಂದಿರುಗಿಸುತ್ತೇವೆ. ಭಾರತದೊಳಗಿನ ಮಾರಾಟ ಎಂದಿನಂತೆಯೇ ನಡೆಯುತ್ತದೆ.

ದೇಶದೊಳಗೆ ಇಲ್ಲದ ಕಟ್ಟುಪಾಡು ಹೊರಗೇಕೆ ಎಂದು ಹಲವರು ಕೇಳಿದ್ದೀರಿ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದರೂ, ನೋಂದಾಯಿತ ಕರಕುಶಲಕರ್ಮಿಗಳು ತಯಾರಿಸಿದ ಆಟಿಕೆಗಳಿಗೂ ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ ಸರ್ಕಾರ ವಿನಾಯಿತಿ ಕೊಟ್ಟಿದೆ. ಚನ್ನಪಟ್ಟಣದ ಗೊಂಬೆಗೆ ಆ ಸೂಚಿಕೆ ಇದೆ. ಆದರೆ ಈ ವಿನಾಯಿತಿ ನಮ್ಮ ಗಡಿಯಾಚೆ ನಡೆಯುವುದಿಲ್ಲ. ಭೌಗೋಳಿಕ ಸೂಚಿಕೆಯು ವಸ್ತು ಎಲ್ಲಿ ಹುಟ್ಟಿತು ಎಂಬುದಕ್ಕೆ ಸಾಕ್ಷಿಯೇ ಹೊರತು, ಅದನ್ನು ಬಾಯಿಗಿಟ್ಟುಕೊಳ್ಳುವ ಮಗುವಿಗೆ ಅಪಾಯವಿಲ್ಲ ಎಂಬುದಕ್ಕಲ್ಲ.

ಅಮೆರಿಕದಲ್ಲಿ 2008ರ ಕಾನೂನಿನಂತೆ ಹನ್ನೆರಡು ವರ್ಷದವರೆಗಿನ ಮಕ್ಕಳಿಗಾಗಿ ಮಾಡಿದ ವಸ್ತುವನ್ನು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಒಪ್ಪಿದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಆಮದುದಾರರು ಮಕ್ಕಳ ವಸ್ತುವಿನ ಪ್ರಮಾಣಪತ್ರವನ್ನು ಕೊಡಬೇಕು. ಆಟಿಕೆಯ ಮೇಲಿನ ಬಣ್ಣದ ಲೇಪದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರುವಂತಿಲ್ಲ. ಯುರೋಪಿನ ಒಕ್ಕೂಟದಲ್ಲಿ ಅಳತೆಯ ಕ್ರಮವೇ ಬೇರೆ. ಅಲ್ಲಿ ಲೇಪವನ್ನು ಕೆರೆದು, ಜಠರರಸವನ್ನು ಹೋಲುವ ತೆಳುವಾದ ಆಮ್ಲದಲ್ಲಿ ನೆನೆಸಿ, ಅದರಿಂದ ಎಷ್ಟು ಸೀಸ ಹೊರಬರುತ್ತದೆ ಎಂದು ನೋಡುತ್ತಾರೆ. ಈ ಮಿತಿ ಮೊದಲು ಕಿಲೋಗೆ 160 ಮಿಲಿಗ್ರಾಂ ಇದ್ದದ್ದನ್ನು 2018ರ ಅಕ್ಟೋಬರ್‌ನಿಂದ 23ಕ್ಕೆ ಇಳಿಸಿದ್ದಾರೆ. ಜೊತೆಗೆ ತಯಾರಕರು ಆಟಿಕೆಯ ವಿನ್ಯಾಸ, ಪರೀಕ್ಷೆಗಳ ದಾಖಲೆಯಾದ ತಾಂತ್ರಿಕ ಕಡತವನ್ನು ಹತ್ತು ವರ್ಷ ಇಟ್ಟುಕೊಂಡಿರಬೇಕು, ಒಕ್ಕೂಟದ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆ ಎಂದು ಸಾರುವ ಸಿಇ ಗುರುತು ಆಟಿಕೆಯ ಮೇಲೆ ಇರಬೇಕು, ಮತ್ತು 2021ರ ಜುಲೈಯಿಂದ, ಅಧಿಕಾರಿಗಳು ಕೇಳಿದಾಗ ಉತ್ತರಿಸುವ ಹೊಣೆಗಾರರೊಬ್ಬರು ಒಕ್ಕೂಟದೊಳಗೇ ನೆಲೆಸಿರಬೇಕು. ಚನ್ನಪಟ್ಟಣದಲ್ಲಿ ಕುಳಿತ ನಾವು ಆ ಹೊಣೆಗಾರರಾಗಲು ಸಾಧ್ಯವಿಲ್ಲ. ಬಿಡಿ ಪಾರ್ಸೆಲ್ ನಿಲ್ಲಿಸಿ ಆಮದುದಾರರ ಮೊರೆ ಹೋಗಲು ಇದೇ ಮುಖ್ಯ ಕಾರಣ.

“ನಿಮ್ಮದು ಆಲೆ ಮರ, ಅರಗು, ಅರಿಶಿನ, ಇದಕ್ಕೆಲ್ಲ ಪರೀಕ್ಷೆ ಏಕೆ?” ಎಂದು ಬರೆದವರು ಬಹಳ ಮಂದಿ. ನಿಜ ಹೇಳಬೇಕೆಂದರೆ ನಾವೂ ಹಾಗೆಯೇ ಅಂದುಕೊಂಡಿದ್ದೆವು. ಮರದ ಮಟ್ಟಿಗೆ ಆ ಮಾತು ಸರಿ. ಯಾವುದೇ ಲೇಪವಿಲ್ಲದ ಮರಕ್ಕೆ ಅಮೆರಿಕದ ನಿಯಮದಲ್ಲಿಯೂ ಸೀಸದ ಪರೀಕ್ಷೆಯಿಂದ ವಿನಾಯಿತಿ ಇದೆ. ಆದರೆ ತಿರುಗುವ ಲೇತ್‌ನ ಮೇಲಿನ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜುವಿಕೆಯ ಬಿಸಿಗೆ ಕರಗಿ ಮೆತ್ತಿಕೊಂಡು, ತಾಳೆಗರಿಯ ಒರೆತದಿಂದ ಹೊಳಪೇರುವ ಆ ಪದರವು ಕೆರೆದರೆ ಬರುವಂಥದ್ದು. ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಲೇಪವೇ. ನಾವು ಮೊದಲ ಬಾರಿ ಕಳುಹಿಸಿದ ಮಾದರಿಗಳಲ್ಲಿ ಕೆಂಪು, ಹಸಿರು ಮತ್ತು ನೀಲಿ ತೇರ್ಗಡೆಯಾದವು, ಹಳದಿ ಆಗಲಿಲ್ಲ. ಹಳದಿಗೆ ಬಳಸಿದ್ದು ಪೇಟೆಯಲ್ಲಿ ಬಿಡಿಯಾಗಿ ಕೊಂಡ ಅರಿಶಿನದ ಪುಡಿ. ಬಣ್ಣ ಗಾಢವಾಗಿ ಕಾಣಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಎಂಬ ಹಳದಿ ಪುಡಿಯನ್ನು ಬೆರೆಸುವ ಕೆಟ್ಟ ಚಾಳಿ ದಕ್ಷಿಣ ಏಷ್ಯಾದಲ್ಲಿ ಹಲವೆಡೆ ಪತ್ತೆಯಾಗಿದೆ ಎಂಬುದನ್ನು ನಾವು ತಿಳಿದದ್ದು ಆ ವರದಿ ಕೈಗೆ ಬಂದ ಮೇಲೆಯೇ. ಈಗ ಅರಿಶಿನದ ಕೊಂಬನ್ನೇ ತಂದು, ತೊಳೆದು, ನಮ್ಮಲ್ಲಿಯೇ ಪುಡಿ ಮಾಡಿಸುತ್ತಿದ್ದೇವೆ, ಮತ್ತು ಪ್ರತಿ ತಂಡದ (ಬ್ಯಾಚ್‌ನ) ಪುಡಿಯನ್ನು ಅರಗಿಗೆ ಬೆರೆಸುವ ಮೊದಲೇ ಪರೀಕ್ಷೆಗೆ ಕೊಡುತ್ತಿದ್ದೇವೆ. ಈ ಮುನ್ನೆಚ್ಚರಿಕೆ ದೇಶದೊಳಗೆ ಮಾರುವ ಆಟಿಕೆಗಳಿಗೂ ಅನ್ವಯಿಸುತ್ತದೆ. ವಿನಾಯಿತಿ ಇದೆಯೆಂದು ನಮ್ಮ ಊರಿನ ಮಕ್ಕಳಿಗೆ ಬೇರೆ ಹಳದಿ ಕೊಡುವುದು ಸರಿಯಲ್ಲ ಎಂದು ಸಂಘದ ಸಭೆ ತೀರ್ಮಾನಿಸಿದೆ.

ಪರೀಕ್ಷೆಯ ಶುಲ್ಕವು ಬಣ್ಣಗಳ ಲೆಕ್ಕದಲ್ಲಿ ಬೀಳುವುದರಿಂದ ಹೊರದೇಶದ ಆಟಿಕೆಗಳಲ್ಲಿ ಇನ್ನು ನಾಲ್ಕೇ ಬಣ್ಣಗಳಿರುತ್ತವೆ. ಬೆಲೆಯೂ ಏರುತ್ತದೆ. ನಾಮಕರಣದ ಉಡುಗೊರೆಗೆ ಮಗುವಿನ ಹೆಸರು ಬರೆಸಿಕೊಳ್ಳುತ್ತಿದ್ದವರಿಗೆ ಬೇಸರವಾಗಬಹುದಾದರೂ, ಆ ಬರವಣಿಗೆಯ ಬಣ್ಣ ಮತ್ತೊಂದು ಲೇಪವಾಗಿ ಮತ್ತೊಂದು ಪರೀಕ್ಷೆಯನ್ನು ಬೇಡುವುದರಿಂದ ಅದನ್ನು ಕೈಬಿಟ್ಟಿದ್ದೇವೆ.

ಗಿಲಕಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಕಳಚಿ ಬರುವ ಯಾವ ಚೂರೂ, ಸುಮಾರು 31.7 ಮಿಲಿಮೀಟರ್ ವ್ಯಾಸದ ಒಂದು ಗೊತ್ತಾದ ಕೊಳವೆಯೊಳಗೆ ಪೂರ್ತಿಯಾಗಿ ಕೂರುವಂತಿರಬಾರದು. ಮಗುವಿನ ಗಂಟಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆ ಅದು. ನಮ್ಮ ಹಳೆಯ ಗಿಲಕಿಯನ್ನು ಬೀಳಿಸಿ ನೋಡುವ ಪರೀಕ್ಷೆಯಲ್ಲಿ ಹಿಡಿಯ ತುದಿಯ ಗುಂಡು ಕಳಚಿ ಬಂತು. “ಮೂರು ವರ್ಷ ಮೇಲ್ಪಟ್ಟವರಿಗೆ” ಎಂಬ ಚೀಟಿ ಅಂಟಿಸಿದರೆ ಸಾಲದೇ ಎಂದು ನಮ್ಮವರೇ ಒಬ್ಬರು ಕೇಳಿದರು. ಗಿಲಕಿ ಹಸುಗೂಸಿನ ವಸ್ತುವೆಂದು ನೋಡಿದವರಿಗೆಲ್ಲ ಗೊತ್ತು; ವಸ್ತುವಿನ ಸಹಜ ಬಳಕೆಗೆ ವಿರುದ್ಧವಾದ ಎಚ್ಚರಿಕೆಯನ್ನು ಯುರೋಪಿನ ನಿಯಮ ಒಪ್ಪುವುದಿಲ್ಲ. ಹೀಗಾಗಿ ಹಿಡಿ ಮತ್ತು ಗುಂಡನ್ನು ಒಂದೇ ಮರದ ತುಂಡಿನಲ್ಲಿ ಕಡೆಯುವ ಹೊಸ ಗಿಲಕಿ ಸಿದ್ಧವಾಗುವವರೆಗೆ ಅದು ಪಟ್ಟಿಯಲ್ಲಿಲ್ಲ. ದಸರಾ ಗೊಂಬೆಗಳ ಜೊತೆ ಕೂರಿಸುವ ಪುಟ್ಟ ಅಡುಗೆ ಪಾತ್ರೆಗಳನ್ನೂ ಇದೇ ಕಾರಣಕ್ಕೆ ತೆಗೆದಿದ್ದೇವೆ. ಅಲಂಕಾರದ ವಸ್ತುವೆಂದು ಕರೆದ ಮಾತ್ರಕ್ಕೆ ಮಕ್ಕಳು ಅದರಲ್ಲಿ ಅಡುಗೆಯಾಟ ಆಡದೆ ಬಿಡುವುದಿಲ್ಲವಷ್ಟೆ.

ಸಾಗಣೆಯ ಬಗ್ಗೆ ಎರಡು ಮಾತು. 800 ಡಾಲರಿನೊಳಗಿನ ಪಾರ್ಸೆಲ್‌ಗಳಿಗೆ ಅಮೆರಿಕದಲ್ಲಿದ್ದ ಸುಂಕದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿರುವುದರಿಂದ ಬಿಡಿ ಪಾರ್ಸೆಲ್ ಹೇಗೂ ದುಬಾರಿಯಾಗಿತ್ತು. ಕಚ್ಚಾ ಮರದ ಪೆಟ್ಟಿಗೆಗಳಿಗೆ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಮರದ ತಿರುಳಿನವರೆಗೂ 30 ನಿಮಿಷ ತಾಗಿಸುವಂಥ, ಮರದ ಹುಳುಗಳನ್ನು ಕೊಲ್ಲುವ ಸಂಸ್ಕರಣ ಆಗಿದೆಯೆಂಬ ಮುದ್ರೆ ಇರಬೇಕಾದುದರಿಂದ, ಆ ಗೊಡವೆಯೇ ಬೇಡವೆಂದು ರಟ್ಟಿನ ಪೆಟ್ಟಿಗೆಗೆ ಬದಲಾಗಿದ್ದೇವೆ.

ಊರಿಗೆ ಬಂದವರು ನಮ್ಮ ಅಂಗಡಿಯಲ್ಲಿ ಕೊಂಡು, ತಮ್ಮ ಮನೆಯ ಮಗುವಿಗೆಂದು ಚೀಲದಲ್ಲಿ ಒಯ್ಯುವುದು ಮಾರಾಟವಲ್ಲ. ಈ ಪತ್ರದ ಪರೀಕ್ಷೆ, ಪ್ರಮಾಣಪತ್ರಗಳ ನಿಯಮಗಳು ಮಾರಾಟಕ್ಕೆ ಸಂಬಂಧಿಸಿದವು. ಆದರೆ ಹಾಗೆ ಒಯ್ದ ಗೊಂಬೆಗಳನ್ನು ಅಲ್ಲಿನ ಕನ್ನಡ ಕೂಟದ ರಾಜ್ಯೋತ್ಸವದ ಮಳಿಗೆಯಲ್ಲಿ ಮಾರಲು ಇಟ್ಟರೆ, ಲಾಭ ಕೂಟದ ನಿಧಿಗೇ ಹೋದರೂ, ತಂದವರೇ ಆಮದುದಾರರಾಗಿ ಪ್ರಮಾಣಪತ್ರದ ಹೊಣೆಯನ್ನು ಹೊರಬೇಕಾಗುತ್ತದೆ. ಕೂಟಗಳು ದಯವಿಟ್ಟು ಮೊದಲೇ ನಮಗೆ ಬರೆಯಬೇಕು. ಪಟ್ಟಿಯಲ್ಲಿರುವ ಆಟಿಕೆಗಳನ್ನು ಆಮದುದಾರರ ಮೂಲಕ ಕೊಡಿಸುತ್ತೇವೆ.

ಹೊಸ ಆಟಿಕೆಗಳ ಬುಡದಲ್ಲಿ ಸಂಘದ ಗುರುತು, ಊರು, ತಯಾರಾದ ತಿಂಗಳು ಮತ್ತು ತಂಡದ ಸಂಖ್ಯೆಯನ್ನು ಸುಟ್ಟು ಒತ್ತಿರುತ್ತೇವೆ. ದೂರು ಬರೆಯುವಾಗ ಆ ಸಂಖ್ಯೆಯನ್ನು ತಿಳಿಸಿದರೆ ಅದು ಯಾವ ಅರಗಿನದು, ಯಾರ ಲೇತ್‌ನಿಂದ ಬಂದದ್ದು ಎಂಬುದನ್ನು ಕಡತ ನೋಡಿ ಹೇಳಬಲ್ಲೆವು. ಈ ಹಿಂದೆ ನಮ್ಮಿಂದ ಹಳದಿ ಬಣ್ಣದ ಆಟಿಕೆಗಳನ್ನು ತರಿಸಿಕೊಂಡಿದ್ದು, ಬುಡದಲ್ಲಿ ಇಂಥ ಗುರುತು ಇಲ್ಲದಿದ್ದರೆ, ದಯವಿಟ್ಟು ಅದನ್ನು ಮಕ್ಕಳ ಕೈಯಿಂದ ತೆಗೆದಿಟ್ಟು ಒಂದು ಚಿತ್ರದೊಂದಿಗೆ ನಮಗೆ ಬರೆಯಿರಿ. ಆಟಿಕೆಯನ್ನು ಮರಳಿಸಬೇಕಾಗಿಲ್ಲ, ಹಣವನ್ನು ನಾವು ಮರಳಿಸುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)
ಚನ್ನಪಟ್ಟಣ