ನಾಲ್ಕು ಮೊಳ ಜೊತೆಗೆ

ಪ್ರೀತಿಯ ಸೀನ,

ಯೆಹೂದಿಗಳ ಧರ್ಮಗ್ರಂಥ ತೋರಾ ಓದೋಕೆ ಕೂತವನು ಎಲ್ಲಿಗೆ ಬಂದೆ ಅಂತ ಕೇಳಿದ್ದೆ. ಒಂದೇ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ ಮಾರಾಯ. ಅದರ ಮೊದಲ ಪುಸ್ತಕ ಆದಿಕಾಂಡದ 18ನೆಯದು.

ಉರಿಬಿಸಿಲು. ಮಮ್ರೆಯ ತೋಪಿನಲ್ಲಿ ಯೆಹೂದಿಗಳ ಮೂಲಪುರುಷ ಅಬ್ರಹಾಮ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ಸುನ್ನತಿಯಾಗಿ ಮೂರನೇ ದಿನ, ಗಾಯ ಇನ್ನೂ ಹಸಿ ಎನ್ನುತ್ತದೆ ಯೆಹೂದಿ ಪಂಡಿತರ ಚರ್ಚೆಗಳ ಸಂಗ್ರಹ ತಾಲ್ಮುದ್. ನೋಡೋಕೆ ದೇವರೇ ಬಂದಿದ್ದಾನೆ. ಅಷ್ಟರಲ್ಲಿ ಗುರುತಿಲ್ಲದ ಮೂವರು ಕಾಣುತ್ತಾರೆ. ಮುದುಕ ಎದ್ದು ಅವರತ್ತ ಓಡುತ್ತಾನೆ! ದೇವರನ್ನು ಕಾಯಿಸಬಹುದಾ? ಧಾರಾಳವಾಗಿ, ಎನ್ನುತ್ತಾರೆ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು. ಅತಿಥಿಯನ್ನು ಬರಮಾಡಿಕೊಳ್ಳುವುದು ದೇವರ ದರ್ಶನಕ್ಕಿಂತ ದೊಡ್ಡದಂತೆ. "ಒಂದು ತುತ್ತು ರೊಟ್ಟಿ ತರ್ತೀನಿ" ಅಂದವನು ಮೂರು ಸೆಯಾ (ಆ ಕಾಲದ ದೊಡ್ಡ ಅಳತೆ) ನಯವಾದ ಹಿಟ್ಟು ನಾದಿಸುತ್ತಾನೆ, ಎಳೆಗರುವಿನ ಅಡುಗೆ ಮಾಡಿಸುತ್ತಾನೆ. ಬೆಣ್ಣೆ, ಹಾಲು ಬೇರೆ. ಅವರು ಉಣ್ಣುವಷ್ಟು ಹೊತ್ತೂ ಮರದಡಿ ನಿಂತೇ ಇರುತ್ತಾನೆ.

ಆಮೇಲೊಂದು ಪುಟ್ಟ ಸಾಲು. ಅವರನ್ನು ಕಳಿಸಿಕೊಡಲು ಅಬ್ರಹಾಮ ಜೊತೆಗೆ ನಡೆದ. ನಾನಾದರೆ ಓದಿ ಮುಂದೆ ಹೋಗುತ್ತಿದ್ದೆ. ಯೆಹೂದಿ ಪಂಡಿತರು ಬಿಡುವುದಿಲ್ಲ. ನೇರ ಅರ್ಥ, ಸೂಚನೆ, ವಿವರಣೆ, ಗುಟ್ಟು ಅಂತ ಸಾಲೊಂದರಲ್ಲಿ ನಾಲ್ಕು ಪದರ ನೋಡುವವರು ಅವರು. 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ಹೇಳುವುದು ಕೇಳು: ಉಣ್ಣಿಸಿದ್ದಕ್ಕಿಂತಲೂ ಕಳಿಸಿಕೊಟ್ಟ ಪುಣ್ಯ ಜಾಸ್ತಿ. ನಾಲ್ಕು ಮೊಳ ಜೊತೆಗೆ ನಡೆದರೂ ಆಯಿತು.

ಅಷ್ಟು ದೊಡ್ಡ ಮಾತು ಯಾಕೆ? ತೋರಾದ ಕೊನೆಯ ಪುಸ್ತಕ ಧರ್ಮೋಪದೇಶಕಾಂಡದಲ್ಲಿ ಒಂದು ವಿಧಿ ಇದೆ. ಹೊಲದಲ್ಲಿ ಹೆಣ ಬಿದ್ದಿದೆ, ಕೊಂದವರು ಯಾರೋ ಗೊತ್ತಿಲ್ಲ. ಹತ್ತಿರದ ಊರು ಯಾವುದು ಅಂತ ಅಳೆಯುತ್ತಾರೆ. ಆ ಊರ ಹಿರಿಯರು ಒಂದು ಕಡಸಿನ ಕತ್ತು ಮುರಿದು, ಅದರ ಮೇಲೆ ಕೈ ತೊಳೆದು, "ಈ ರಕ್ತ ಸುರಿಸಿದ್ದು ನಮ್ಮ ಕೈಯಲ್ಲ" ಅನ್ನಬೇಕು. ತಾಲ್ಮುದ್‌ಗೆ ತಳಹದಿಯಾದ ಹಳೆಯ ವಿಧಿಸಂಗ್ರಹ ಮಿಶ್ನಾ ಕೇಳುತ್ತದೆ: ಹಿರಿಯರ ಮೇಲೆ ಯಾರಿಗಾದರೂ ಕೊಲೆಯ ಅನುಮಾನ ಇತ್ತಾ? ಇಲ್ಲ. ಅವರ ಮಾತಿನ ಅರ್ಥ ಬೇರೆ. ನಮ್ಮಲ್ಲಿಗೆ ಬಂದವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲಿಲ್ಲ, ಕಂಡೂ ಕಂಡೂ ಒಂಟಿಯಾಗಿ ದಾರಿಗೆ ಬಿಡಲಿಲ್ಲ.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ ಸೀನ. ಅಪ್ಪ ಬಸ್‌ಸ್ಟ್ಯಾಂಡಿಗೆ ಬರ್ತಿದ್ರಲ್ಲ, ನೀನೂ ನೋಡಿದ್ದೀಯ. ಬಸ್ಸು ಹೊರಟ ಮೇಲೂ ಕಿಟಕಿ ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕ್ತಿದ್ರು. ಈಗ ಊರಿಗೆ ಹೋದರೆ ಊಟಕ್ಕೆ ಕರೆಯುವ ಮನೆಗಳು ಬೇಕಾದಷ್ಟಿವೆ. ಹೊರಡುವಾಗ ಮಾತ್ರ ನಾನೊಬ್ಬನೇ. ಅದಕ್ಕೇ ಊರಿಗೆ ಹೋಗುವುದೇ ಕಡಿಮೆಯಾಗಿದೆ. ಕೆಲಸ ಜಾಸ್ತಿ ಅಂತ ಎಲ್ಲರಿಗೂ ಹೇಳಿದ್ದೇನೆ, ನಿನಗೂ.

ಇಷ್ಟು ಜನ ಓದುವ ಕಡೆ ಇದನ್ನು ಬರೆಯುವ ಯೋಚನೆ ಇರಲಿಲ್ಲ. ಇರಲಿ ಬಿಡು. ದಸರಾ ರಜೆಗೆ ಬರ್ತೀಯ ತಾನೇ? ಅಕ್ಕಿರೊಟ್ಟಿಗೆ ಬೆಣ್ಣೆ ತಂದಿಡುತ್ತೇನೆ. ಎರಡನೇ ಚಟ್ನಿಯ ಕಥೆ ಮಾತ್ರ ಮನೆಯಲ್ಲಿ ಎತ್ತಬೇಡ. ಮಂಜಣ್ಣನ ಛತ್ರಿ ತಗೊಂಡು ಬಾ, ಅವನು ಇನ್ನೂ ಕೇಳ್ತಾನೆ.

ನಿನ್ನ
ಗುಂಡ